ದೋಣಿ ಟ್ರೇಲರ್ ಏರಿದ ದಿನ

ಹೊಳೆದಂಡೆಯ ಮಠವೊಂದರಲ್ಲಿ ಅಡವಯ್ಯಜ್ಜ ಎಂಬ ಗುರು ಇದ್ದರು. ಅವರ ಶಿಷ್ಯ ಮುರುಘೇಂದ್ರ. ಮಠದ ದೋಣಿ ನಡೆಸುವುದು ಅವನ ಸೇವೆ.

ಮುರುಘೇಂದ್ರನ ಗುರುಭಕ್ತಿ ಅಂದರೆ ಕೇಳಬೇಡಿ. ಗುರುವಿಗೆ ಬೆನ್ನು ತೋರಿಸಬಾರದು ಎಂಬುದು ಆ ಮಠದ ಪದ್ಧತಿ. ಉಳಿದವರು ಬಾಗಿಲು ದಾಟುವ ತನಕ ಹಿಂದೆ ಹಿಂದೆ ಹೆಜ್ಜೆ ಇಟ್ಟು, ಆಮೇಲೆ ತಮ್ಮ ದಾರಿ ಹಿಡಿಯುತ್ತಿದ್ದರು. ಇವನು ಹಾಗಲ್ಲ. ಅಜ್ಜ ಕಣ್ಣಿಗೆ ಕಾಣುವಷ್ಟು ದೂರವೂ ಹಿಮ್ಮುಖವಾಗಿಯೇ ನಡೆಯುವವನು. ಒಮ್ಮೆ ಹೀಗೆ ನಡೆದು ಮಲಗಿದ್ದ ಎಮ್ಮೆಯ ಮೇಲೆ ಬಿದ್ದ. ಎಮ್ಮೆಗೆ ಸಿಟ್ಟು ಬಂತು, ಇವನಿಗೆ ಹೆಮ್ಮೆಯಾಯಿತು.

ಆ ವರ್ಷ ಶ್ರಾವಣದಲ್ಲಿ ಹೊಳೆ ತುಂಬಿ ಬಂತು. ಜೊತೆಗೆ ಪಡುವಣ ಗಾಳಿ. ಮಠದ ಎದುರು ಹೊಳೆ ಇಕ್ಕಟ್ಟು, ಅಲ್ಲಿಯ ಸೆಳವಿಗೆ ಸಿಕ್ಕಿದ್ದು ಮತ್ತೆ ಸಿಗುವುದಿಲ್ಲ.

ಆಗಲೇ ನಡುಗಡ್ಡೆಯಿಂದ ಫೋನು ಬಂತು. ಅಲ್ಲಿಯ ಕಾಶವ್ವನಿಗೆ ಬೆಳಗಿನಿಂದ ಹೆರಿಗೆ ಬೇನೆ. ಕೂಸು ಅಡ್ಡ ತಿರುಗಿದೆ, ಇನ್ನು ನನ್ನ ಕೈಲಾಗದು ಎಂದು ಸೂಲಗಿತ್ತಿ ಹೇಳಿಬಿಟ್ಟಿದ್ದಳು. ಆಸ್ಪತ್ರೆ ಇರುವುದು ಈ ದಂಡೆಯಲ್ಲಿ. ದೋಣಿ ಇರುವುದು ಮಠದಲ್ಲಿ ಮಾತ್ರ.

ಮಠದ ಎದುರಿನಿಂದಲೇ ದಾಟಲು ಹೋದರೆ ದೋಣಿಯೂ ಹೋಗುತ್ತದೆ, ದೋಣಿಯವನೂ ಹೋಗುತ್ತಾನೆ. ಮೇಲುಗಡೆಯ ತಿರುವಿನಲ್ಲಿ ಮಾತ್ರ ಹೊಳೆ ಅಗಲವಾಗಿ ಸಾವಕಾಶ ಹರಿಯುತ್ತದೆ, ನಡುಗಡ್ಡೆಯ ಮೇಲ್ತುದಿಯೂ ಅಲ್ಲಿಗೆ ಹತ್ತಿರ. ಕಾಶವ್ವನನ್ನು ಹೊರಸಿನ ಮೇಲೆ ಮಲಗಿಸಿ ಆ ತುದಿಗೆ ಹೊತ್ತು ತರಲು ಅಜ್ಜ ಹೇಳಿದರು. ಇತ್ತ ದೋಣಿಯನ್ನು ಟ್ರೇಲರಿಗೆ ಏರಿಸಿ, ರಸ್ತೆಯ ಮೇಲೆ ತಿರುವಿಗೆ ಒಯ್ಯಬೇಕು. ಬೇರೆ ದಾರಿ ಇರಲಿಲ್ಲ.

ಊರಿನ ಲಾಲ್‌ಸಾಬ ತನ್ನ ಟ್ರ್ಯಾಕ್ಟರ್ ತಂದ. ದೋಣಿ ಸಾಗಿಸಲೆಂದೇ ಮಾಡಿಸಿದ್ದ ತಗ್ಗಿನ ಟ್ರೇಲರ್ ಕಟ್ಟಿ, ಹಿಂದಕ್ಕೆ ಒತ್ತಿ, ದಂಡೆಯಿಂದ ನೆಟ್ಟಗೆ ನೀರಿಗೆ ಇಳಿಸಿದ. ದಂಡೆಗೆ ಕಟ್ಟಿದ್ದ ದೋಣಿಯನ್ನು ತೇಲಿಸಿಕೊಂಡು ಅದರ ಮೇಲಕ್ಕೆ ತಂದು ಕೂಡಿಸಿದರೆ ಮುಗಿಯಿತು. ಬೇಸಿಗೆಯ ನೀರಿನಲ್ಲಿ ಮುರುಘೇಂದ್ರ ಈ ಕೆಲಸವನ್ನು ಹಾಡು ಗುನುಗುತ್ತ ಮಾಡಿದವನೇ.

ಅಜ್ಜ ಬಂದು ಮಠದ ಮೆಟ್ಟಿಲ ಮೇಲೆ ನಿಂತರು. ಅಲ್ಲಿಗೆ ಕೆಲಸ ಕೆಟ್ಟಿತು.

ಮುರುಘೇಂದ್ರ ದೋಣಿಯ ಹಗ್ಗವನ್ನು ಹೆಗಲಿಗೇರಿಸಿ ಸೊಂಟಮಟ್ಟ ನೀರಿಗೆ ಇಳಿದ. ಇಳಿದವನು ಅಜ್ಜನ ಕಡೆ ಮುಖ ಮಾಡಿ ನಿಂತ. ದೋಣಿ ಅವನ ಬೆನ್ನ ಹಿಂದೆ, ಹೊಳೆಯೂ ಬೆನ್ನ ಹಿಂದೆ.

ಎಳೆದ. ದೋಣಿಯ ಮೂತಿ ಟ್ರೇಲರಿನ ಹತ್ತಿರ ಬಂತು. ಅಷ್ಟರಲ್ಲಿ ಸೆಳವು ಪಕ್ಕೆಗೆ ಗುದ್ದಿತು, ಗಾಳಿಯೂ ಅದಕ್ಕೆ ಕೈ ಜೋಡಿಸಿತು. ದೋಣಿ ಅಡ್ಡ ತಿರುಗಿ, ಗಾಲಿಗೆ ಬಡಿದು, ಕೆಳಕ್ಕೆ ಜಾರಿತು.

ಹಿಂದೆ ನೋಡಿಕೊಂಡು ಎಳೆಯೋ ಎಂದು ಲಾಲ್‌ಸಾಬ ಕೂಗಿ ಹೇಳಿದ. ಇವನಿಗೆ ಅದು ಕಿವಿಗೇ ಬೀಳಲಿಲ್ಲ. ದೋಣಿಯನ್ನು ಮತ್ತೆ ತಂದ. ಈ ಸಲ ಕಣ್ಣೆಲ್ಲ ಅಜ್ಜನ ಮೇಲೆ, ಅವರೇನಾದರೂ ಸನ್ನೆ ಮಾಡಿಯಾರು ಎಂದು.

ಅಜ್ಜ ಬಲಗೈ ಎತ್ತಿದರು.

ಮುರುಘೇಂದ್ರ ಇದ್ದಬದ್ದ ಕಸುವನ್ನೆಲ್ಲ ಹಾಕಿ ಎಳೆದ. ದೋಣಿ ಟ್ರೇಲರಿನ ಮೂಲೆಗೆ ಧಡಾರನೆ ಅಪ್ಪಳಿಸಿತು. ಅಂಚಿನ ಹಲಗೆ ಸೀಳಿತು. ದೋಣಿ ಮತ್ತೆ ಕೆಳಕ್ಕೆ ಹೋಯಿತು.

ಅಜ್ಜ ಕೇಳಿದರು, "ಯಾಕ ಎಳದಿ?"

"ನೀವು ಕೈ ಎತ್ತಿದ್ರಿ, ಅಜ್ಜಾರ."

"ಗಾಳಿಗೆ ರುಮಾಲು ಹಾರತಿತ್ತು. ಹಿಡಕೊಂಡೆ."

ಲಾಲ್‌ಸಾಬ ನಗು ತಡೆಯಲಾರದೆ ಮುಖ ಆ ಕಡೆ ತಿರುಗಿಸಿದ. ಆದರೆ ನಗುವ ಹೊತ್ತಾಗಿರಲಿಲ್ಲ. ಮತ್ತೆ ಫೋನು ಬಂತು. ಕಾಶವ್ವನನ್ನು ತುದಿಗೆ ತಂದಿದ್ದಾರೆ, ಅವಳ ನರಳಾಟ ಕ್ಷೀಣವಾಗುತ್ತಿದೆ, ದೋಣಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ತನ್ನ ಕೈಯಾರೆ ಒಂದು ಜೀವ ಹೋಗುತ್ತದೆ ಎಂದು ಮುರುಘೇಂದ್ರನಿಗೆ ಮೊದಲ ಸಲ ಭಯವಾಯಿತು.

ಕೈ ಮುಗಿದು ಕೇಳಿದ, "ಅಜ್ಜಾರ, ನೀವು ಹೇಳಿದಂಗ ಮಾಡ್ತೀನಿ. ಯಾವ ಕಡೆ ಎಳೀಲಿ?"

ಅಜ್ಜ ಮೆಟ್ಟಿಲ ಮೇಲೆ ಕುಳಿತರು, ಅದೂ ಅವನಿಗೆ ಬೆನ್ನು ಮಾಡಿ, ಮಠದ ಗೋಡೆಗೆ ಮುಖ ಹಾಕಿ.

ಸಿಟ್ಟಾದರೆಂದು ಬಗೆದು ಮುರುಘೇಂದ್ರ ಹಗ್ಗವನ್ನು ದಂಡೆಯ ಕಲ್ಲುಕಂಬಕ್ಕೆ ಸುತ್ತಿ ಓಡಿಬಂದ. ಸುತ್ತು ಹಾಕಿ ಅವರ ಮುಂದೆಯೇ ನಿಂತ. ಅಜ್ಜ ಕೂತಲ್ಲೇ ಇನ್ನೊಂದು ಕಡೆ ತಿರುಗಿದರು. ಇವನು ಅಲ್ಲಿಗೂ ಹೋದ. ಅವರು ಮತ್ತೆ ತಿರುಗಿ ಹೊಳೆಗೆ ಮುಖ ಮಾಡಿದರು, ಇವನೂ ಎದುರಿಗೆ ಬಂದ. ನೋಡುವವರಿಗೆ ಮಕ್ಕಳ ಆಟದ ಹಾಗಿತ್ತು.

"ಕಾಶವ್ವ ಎಲ್ಲಿ ಅದಾಳ?" ಎಂದರು ಅಜ್ಜ.

ಅವನು ಹೊಳೆಯ ಕಡೆ ಕೈ ತೋರಿಸಿದ.

"ಹಂಗಾರ ನೀ ಈ ಕಡೆ ಯಾಕ ನಿಂತಿ?"

ಮುರುಘೇಂದ್ರ ಮುಖದ ಮೇಲೆ ಇಳಿಯುತ್ತಿದ್ದ ನೀರು ಒರೆಸಿಕೊಂಡ. ಮೆಲ್ಲಗೆ ತಿರುಗಿದ. ಮಠ ಸೇರಿದ ಮೇಲೆ ಅಜ್ಜನ ಎದುರಿನಲ್ಲಿ ಅವನು ಹೀಗೆ ಬೆನ್ನು ತಿರುಗಿಸಿದ್ದು ಅದೇ ಮೊದಲು.

ತಿರುಗಿದವನಿಗೆ ಹೊಳೆ ಕಂಡಿತು.

ಹಗ್ಗದ ತುದಿಯಲ್ಲಿ ದೋಣಿ ಕಂಡಿತು. ಯಾರೂ ಎಳೆಯದ ದೋಣಿ ಸೆಳವಿಗೆ ಎದುರಾಗಿ ಮೂತಿ ಇಟ್ಟುಕೊಂಡು, ಗೂಟಕ್ಕೆ ಕಟ್ಟಿದ ಕರುವಿನಂತೆ ಸುಮ್ಮನೆ ನಿಂತಿತ್ತು. ನೀರು ಅದರ ಎರಡೂ ಪಕ್ಕದಲ್ಲಿ ಸಮನಾಗಿ ಹರಿಯುತ್ತಿತ್ತು. ಗಾಳಿಯೂ ಅದೇ ದಿಕ್ಕಿನಿಂದ ಬೀಸುತ್ತಿತ್ತು.

ಅಯ್ಯೋ, ಸೊಟ್ಟಗಿರುವುದು ದೋಣಿಯಲ್ಲ, ಟ್ರೇಲರು ಎಂದುಕೊಂಡ.

ಲಾಲ್‌ಸಾಬನಿಗೆ ಹೇಳಿ ಟ್ರೇಲರನ್ನು ಮೇಲೆತ್ತಿಸಿ, ಓರೆಯಾಗಿ ಮತ್ತೆ ಇಳಿಸಿದ. ಈಗ ಅದರ ಬಾಲ ಹೊಳೆ ಹೋಗುವ ಕಡೆಗಿತ್ತು. ಹಗ್ಗ ಸಡಿಲಿಸಿ ದೋಣಿಯನ್ನು ಟ್ರೇಲರಿಗಿಂತ ಕೆಳಕ್ಕೆ ಬಿಟ್ಟ. ಕೈಯಲ್ಲಿದ್ದ ದೋಣಿಯನ್ನು ಬಿಟ್ಟುಕೊಡುತ್ತೀಯಾ ಎಂದು ಲಾಲ್‌ಸಾಬ ಗಾಬರಿಯಾದ. ದೋಣಿ ಕೆಳಗೆ ಹೋಗಿ, ಒಮ್ಮೆ ಓಲಾಡಿ, ಹೊಳೆಗೆ ಎದುರಾಗಿ ನೆಟ್ಟಗೆ ನಿಂತಿತು.

ಮುರುಘೇಂದ್ರ ಎಳೆಯಲಿಲ್ಲ. ಕಾದ. ಗಾಳಿ ಭರ್ರೆಂದು ಬೀಸಿತು, ನೀರಿನ ಮೇಲೆ ಕರಿ ಗೆರೆಗಳು ಓಡಿ ಬಂದವು. ಆ ಗೆರೆಗಳು ಕಳೆದು ನೀರಿನ ಮೈ ಸಮವಾಗುವುದನ್ನು ನೋಡಿದ. ಈಗ ಎಂದು ಲಾಲ್‌ಸಾಬನಿಗೆ ಕೂಗಿದ. ಇಬ್ಬರೂ ಸೇರಿ ಎಳೆದರು. ಗಾಳಿ ಬಂದಾಗ ಹಿಡಿದು ನಿಂತರು, ಗಾಳಿ ತಗ್ಗಿದಾಗ ಎಳೆದರು. ಅವನನ್ನು ಅಷ್ಟು ಕಾಡಿದ ಸೆಳವೇ ಈಗ ಎರಡೂ ಕಡೆಯಿಂದ ದೋಣಿಯನ್ನು ಹಿಡಿದು ನೆಟ್ಟಗಿಟ್ಟಿತ್ತು. ಮೂತಿ ಟ್ರೇಲರಿನ ಬಾಲಕ್ಕೆ ಸೇರಿತು, ಹೊಟ್ಟೆ ಅದರ ಮೇಲೆ ಜಾರಿತು, ಗುಡುಗುಡು ಸದ್ದು ಮಾಡುತ್ತ ಒಳಗೆ ಬಂದು ಕೂತಿತು.

ಲಾಲ್‌ಸಾಬ ಓಡಿ ಟ್ರ್ಯಾಕ್ಟರ್ ಏರಿದ. ನೀರು ಸುರಿಸುತ್ತ ದೋಣಿ ದಂಡೆ ಏರಿ ಬಂತು. ಮುರುಘೇಂದ್ರನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಅವನು ಬಚ್ಚಿಡಲಿಲ್ಲ.

ಅಜ್ಜನೂ ಟ್ರ್ಯಾಕ್ಟರ್ ಏರಿ ಬಂದಿದ್ದರು. ತಿರುವಿನಲ್ಲಿ ದೋಣಿ ಇಳಿಸುವಾಗ, ಅಜ್ಜಾರ ನೀವೂ ಬರ್ರಿ, ಮುಂದ ಕುಂದರ್ರಿ, ನಿಮ್ಮ ಮುಖ ನೋಡಕೋತ ಹುಟ್ಟು ಹಾಕ್ತೀನಿ ಎಂದು ಕರೆದ. ರೂಢಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಅಜ್ಜ ಹೇಳಿದರು, "ನಾ ಕುಂತ್ರ ಆ ಹೆಣ್ಮಗಳು ಎಲ್ಲಿ ಮಲಗ್ತಾಳ?"

ಅವನು ಒಬ್ಬನೇ ಹೋದ. ಹೋಗುವಾಗ ಒಮ್ಮೆಯೂ ಹಿಂದೆ ನೋಡಲಿಲ್ಲ. ಬರುವಾಗ ದೋಣಿಯ ನಡುವೆ ಹೊರಸು, ಹೊರಸಿನ ಮೇಲೆ ಕಾಶವ್ವ, ಅವಳ ತಲೆ ಅತ್ತೆಯ ತೊಡೆಯ ಮೇಲೆ.

ಅವತ್ತು ಸಂಜೆಯೊಳಗೆ ಆಸ್ಪತ್ರೆಯಲ್ಲಿ ಕಾಶವ್ವನಿಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ಊರೆಲ್ಲ ಸಕ್ಕರೆ ಹಂಚಿದರು. ಆದರೆ ಅದಕ್ಕೂ ಮೊದಲು, ದಂಡೆಯ ಮೇಲೆ ಒಂದು ಮಾತು ನಡೆಯಿತು.

ಕಾಶವ್ವನನ್ನು ಆಂಬುಲೆನ್ಸ್‌ಗೆ ಏರಿಸಿ ಆಗಿತ್ತು. ಮುರುಘೇಂದ್ರ ನೀರಿನಲ್ಲಿ ನಿಂತು ದೋಣಿ ಕಟ್ಟುತ್ತಿದ್ದ. ಅತ್ತೆಯೂ ಹತ್ತಬೇಕು. ಆಕೆ ಹತ್ತಲಿಲ್ಲ. ಓಡಿಬಂದು, ನೀವು ಉಳಿಸಿದಿರಿ ಎಂದು ಅಳುತ್ತ, ಅಜ್ಜನ ಕಾಲಿಗೆ ಬೀಳಲು ಬಗ್ಗಿದಳು.

ಅಜ್ಜ ಕಾಲು ಹಿಂದಕ್ಕೆ ತೆಗೆದುಕೊಂಡರು.

"ನನ್ನ ಕಾಲು ಒಣಗೇ ಅದಾವ, ಯವ್ವಾ. ತೊಯ್ದ ಕಾಲು ಅಲ್ಲಿ ನಿಂತಾವ ನೋಡು."