ಕಿರುಹಳ್ಳದ ಕರಿಗಲ್ಲು

ಪಡುವಣ ಗಡಿಯಲ್ಲಿ ಕಿರುಹಳ್ಳ ಎಂಬ ಸೀಮೆ. ಏಳು ಹಳ್ಳಿ, ಒಂದು ಕೆರೆ, ಒಬ್ಬ ಪಟೇಲ. ಮೂರು ಕಡೆ ಗುಡ್ಡ, ಒಂದು ಕಡೆ ಹಳ್ಳ. ಬೆಳಿಗ್ಗೆ ಅಂಬಲಿ ಕುಡಿದು ಹೊರಟರೆ ಸೀಮೆಯನ್ನೆಲ್ಲ ಸುತ್ತಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಇಷ್ಟು ಪುಟ್ಟ ಸೀಮೆಯ ಮೇಲೂ ದಿವಾನ ನಾಗರಸಯ್ಯನ ಕಣ್ಣು ಬಿತ್ತು.

“ಮಹಾಪ್ರಭು, ಚರಿತ್ರೆಯೇ ಇಲ್ಲದ ಸೀಮೆ ಅದು! ಒಂದು ಯುದ್ಧವಿಲ್ಲ, ಒಂದು ಕೋಟೆಯಿಲ್ಲ. ಪಕ್ಕದ ಹಿರೇಕೋಟೆಗೆ ಸೇರಿಸಿಬಿಡೋಣ,” ಎಂದ ದರ್ಬಾರಿನಲ್ಲಿ. ಹಿರೇಕೋಟೆಯ ಅಧಿಕಾರಿ ತನ್ನ ಭಾವಮೈದುನ ಎಂಬುದನ್ನು ಮಾತ್ರ ಹೇಳಲು ಮರೆತ. ದೊಡ್ಡವರಿಗೆ ಇಂಥ ಮರೆವು ಸಹಜ.

ರಾಜ ಕೆಂಚನಾಯಕ ಆಕಳಿಸುತ್ತ, “ಚರಿತ್ರೆ ಇದ್ದರೆ ಮೂರು ದಿನದಲ್ಲಿ ತಂದು ತೋರಿಸಲಿ. ಇಲ್ಲದಿದ್ದರೆ ಸೇರಿಸಿ,” ಎಂದ.

ಕಿರುಹಳ್ಳದ ಪಟೇಲ ಮರಿಗೌಡ ಆಸ್ಥಾನಿಕ ಬೈಚಪ್ಪನ ಮನೆಗೆ ಓಡಿಬಂದ. ಅರಮನೆಯ ಅನ್ನ ತಿಂದೂ ನಿಜ ಹೇಳುವ ಕೆಟ್ಟ ಚಟ ಬೈಚಪ್ಪನಿಗಿತ್ತು.

“ಕೆಟ್ಟೆವು ಬುದ್ಧೀ! ಕೆರೆ ಹಿರೇಕೋಟೆಯೋರ ಕೈಗೆ ಹೋದ್ರೆ ನೀರೆಲ್ಲ ಅವರ ಕಡೀಕೇ ತಿರುಗಿಸ್ತಾರೆ, ನಮ್ಮ ಗದ್ದೆ ಒಣಗ್ತವೆ. ಬರೆದಿಟ್ಟ ಚರಿತ್ರೆ ನಮ್ಮಲ್ಲೆಲ್ಲೈತೆ? ವರ್ಷಾ ವರ್ಷಾ ಕೆರೆ ಹೂಳು ತೆಗೆದ ದಿನ ಏರಿ ಮೇಲೆ ಒಂದು ಕಲ್ಲು ಇಡ್ತೀವಿ, ಅಷ್ಟೇಯ. ಸುಖದ ವರ್ಷಕ್ಕೆ ಬಿಳಿಗಲ್ಲು, ಕೇಡಿನ ವರ್ಷಕ್ಕೆ ಕರಿಗಲ್ಲು.”

ಬೈಚಪ್ಪನ ಮೀಸೆ ಕುಣಿಯಿತು. “ಅವನ್ನೆಲ್ಲ ಗಾಡಿಗೆ ಹೇರಿಕೊಂಡು ಬಾರಯ್ಯ. ಹೊಸದಾಗಿ ಇನ್ನೆರಡು ತಾ. ಒಂದು ಬಿಳಿದು, ಒಂದು ಕರಿದು.”

ಮೂರನೆಯ ದಿನ ದರ್ಬಾರಿನ ನಡುವೆ ಕಲ್ಲಿನ ರಾಶಿ ಬಿತ್ತು. ದಿವಾನ ಹೊಟ್ಟೆ ಹಿಡಿದುಕೊಂಡು ನಕ್ಕ. “ಇದೇನು ಚರಿತ್ರೆಯೋ, ಗೋಡೆ ಕಟ್ಟುವ ಸಾಮಾನೋ?”

ಬೈಚಪ್ಪ ಕಲ್ಲಿಡುವ ಪದ್ಧತಿಯನ್ನು ರಾಜನಿಗೆ ವಿವರಿಸಿದ. “ನೂರಕ್ಕೂ ಮೇಲಿವೆ ಮಹಾಪ್ರಭು, ಎಲ್ಲ ಬಿಳಿ. ಕರಿದು ಎರಡೇ.”

ರಾಜನ ಆಕಳಿಕೆ ನಿಂತಿತು. ಇಳಿದು ಬಂದು ಒಂದು ಕರಿಗಲ್ಲನ್ನು ಕಾಲಿನಿಂದ ತಟ್ಟಿದ. “ಇದು ಯಾವ ವರ್ಷದ್ದು? ಬರಗಾಲವೋ?”

“ಇಲ್ಲ ಬುದ್ಧೀ,” ಎಂದ ಮರಿಗೌಡ. “ಬರಗಾಲದಾಗೆ ಇದ್ದಿದ್ದನ್ನ ಹಂಚ್ಕೊಂಡು ತಿಂದ್ವಿ, ಅದಕ್ಕೂ ಬಿಳೀದೇ ಇಟ್ವಿ. ಇದು ಅರಮನೆ ದಂಡು ನಮ್ಮನ್ನ ಕಾಯೋಕೆ ಬಂದ ವರ್ಷದ್ದು.”

ರಾಜ ಪಕ್ಕದ ಕರಿಗಲ್ಲಿನ ಕಡೆ ಬೆರಳು ತೋರಿಸಿದ.

“ಇನ್ನೊಂದು?”

“ಅಮಲ್ದಾರರು ನಮ್ಮನ್ನ ಉದ್ಧಾರ ಮಾಡೋಕೆ ಬಂದ ವರ್ಷದ್ದು.”

ರಾಜ ತುಟಿ ಕಚ್ಚಿ ನಗು ತಡೆದು ಬೈಚಪ್ಪನನ್ನು ನೋಡಿದ. “ನಿನ್ನ ಕೈಯಲ್ಲಿರುವ ಆ ಎರಡು?”

“ಅವು ಈ ವರ್ಷಕ್ಕೆ,” ಎಂದ ಬೈಚಪ್ಪ. “ಯಾವುದನ್ನು ಇಡಬೇಕೆಂದು ತಾವೇ ಅಪ್ಪಣೆ ಕೊಡಿಸಬೇಕು.”

ರಾಜನ ನಗು ಕಟ್ಟೆಯೊಡೆಯಿತು. “ಸೀಮೆ ಇದ್ದ ಹಾಗೇ ಇರಲಿ, ಬಿಳಿಗಲ್ಲೇ ಇಡಿ! ನಾನೇ ಬಂದು ಕೈಯಾರೆ ಇಡುತ್ತೇನೆ. ಆನೆ, ಕುದುರೆ, ಐನೂರು ಜನ ಪರಿವಾರ, ದಿವಾನರು, ಎಲ್ಲರೂ ಹೊರಡೋಣ!”

ಬೈಚಪ್ಪ ಮೆಲ್ಲಗೆ ಪಟೇಲನ ಕಡೆ ತಿರುಗಿದ.

“ಗೌಡ, ಈ ಕರಿಗಲ್ಲನ್ನು ಎಸೆಯಬೇಡ. ಬೇಕಾಗುತ್ತದೆ.”

ಮಾತು ಕಿವಿಗೆ ಬಿದ್ದ ರಾಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಪ್ರಯಾಣವನ್ನು ಅಲ್ಲಿಗೇ ಕೈಬಿಟ್ಟ. ಕರಿಗಲ್ಲನ್ನು ದಿವಾನನಿಗೆ ಬಹುಮಾನವಾಗಿ ಕೊಡಿಸಿದ.