ಶೆಟ್ಟರು ಬೆಳಗಿದ ಜಪಾನಿನ ಕತ್ತಿ

ತುಮಕೂರಿನಲ್ಲಿ ಅಶ್ವತ್ಥಯ್ಯ ಶೆಟ್ಟರೆಂಬ ಪಾತ್ರೆ ವ್ಯಾಪಾರಿ ಇದ್ದರು. ಅವರ ಅಂಗಡಿಯಲ್ಲಿ ಹಿತ್ತಾಳೆ, ತಾಮ್ರ, ಸ್ಟೀಲು ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಹೊಳೆಯದ ವಸ್ತು ಕಂಡರೆ ಶೆಟ್ಟರ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಕಾಫಿ ಕುಡಿದರೂ ಲೋಟವನ್ನು ಪಂಚೆಯ ತುದಿಯಿಂದ ಒಮ್ಮೆ ಒರೆಸಿಯೇ ಕೆಳಗಿಡುತ್ತಿದ್ದರು.

ವಯಸ್ಸಾಗುತ್ತಾ ಬಂದಂತೆ ಕೆಲವರಿಗೆ ಯೋಗದ ಹುಚ್ಚು ಹತ್ತುತ್ತದೆ, ಕೆಲವರಿಗೆ ಕಾಶಿಯಾತ್ರೆಯ ಹುಚ್ಚು. ಶೆಟ್ಟರಿಗೆ ಹತ್ತಿದ್ದು ಜಪಾನಿನ ಹಳೆಯ ಕತ್ತಿಗಳ ಹುಚ್ಚು. ಹತ್ತಿಸಿದವರು ಅದೇ ಬೀದಿಯ ಶ್ಯಾಮರಾಯರು. ರಾಯರು ಇತಿಹಾಸದ ಮೇಷ್ಟರಾಗಿದ್ದು ನಿವೃತ್ತರಾದವರು. ಅವರ ತಂದೆ ಸೈನ್ಯದಲ್ಲಿ ಡಾಕ್ಟರಾಗಿದ್ದರು. ಮಹಾಯುದ್ಧ ಮುಗಿದಾಗ ಬರ್ಮಾದಿಂದ ಒಂದು ಜಪಾನಿ ಕತ್ತಿ ತಂದಿದ್ದರು. ಅದು ನಾನೂರು ವರ್ಷ ಹಳೆಯದು. ಒಂದು ಸಂಜೆ ರಾಯರು ಅದನ್ನು ಒರೆಯಿಂದ ಎಳೆದು ತೋರಿಸಿದರು. ಶೆಟ್ಟರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ತಮ್ಮ ಅಂಗಡಿಯ ಯಾವ ಪಾತ್ರೆಯೂ ಹಾಗೆ ಹೊಳೆದದ್ದಿಲ್ಲ.

ಮರುವಾರವೇ ಶೆಟ್ಟರು ಬೆಂಗಳೂರಿಗೆ ಹೋಗಿ ಒಂದು ವಸ್ತುಪ್ರದರ್ಶನದಲ್ಲಿ ಕತ್ತಿಯೊಂದನ್ನು ಕೊಂಡುಬಂದರು. ಹಿಡಿಯ ಮೇಲೆ ಚಿನ್ನದ ಬಣ್ಣದ ಹಾವು, ಒರೆಯ ಮೇಲೆ ಕೆಂಪು ಕುಚ್ಚು. ಐನೂರು ವರ್ಷದ್ದು ಎಂದು ಮಾರಿದವನು ದೇವರ ಮೇಲೆ ಆಣೆ ಇಟ್ಟಿದ್ದನಂತೆ. ಶೆಟ್ಟರು ಅದನ್ನು ಎದೆಗವಚಿಕೊಂಡು ರಾಯರ ಮನೆಗೆ ಓಡಿದರು.

ರಾಯರು ಕತ್ತಿಯನ್ನು ತಿರುಗಿಸಿ ನೋಡಿದರು. ಹಿಡಿಯಲ್ಲಿ ಒಂದು ನಟ್ಟು, ಒಂದು ಬೋಲ್ಟು.

"ಶೆಟ್ರೇ, ನೀವು ಪಾತ್ರೆ ವ್ಯಾಪಾರದೋರು. ಇದನ್ನ ಒಂದ್ಸಲ ಬೆರಳಲ್ಲಿ ತಟ್ಟಿ ನೋಡಿ" ಎಂದರು.

ಶೆಟ್ಟರು ತಟ್ಟಿದರು. ಟಣ್ ಎಂದಿತು. ಮುಖ ಸಣ್ಣಗಾಯಿತು. ಆ ಸದ್ದು ಅವರಿಗೆ ಚೆನ್ನಾಗಿ ಗೊತ್ತು. ಅವರ ಅಂಗಡಿಯ ಸ್ಟೀಲ್ ಲೋಟಗಳೆಲ್ಲ ಹಾಗೇ ಸದ್ದು ಮಾಡುತ್ತಿದ್ದವು.

"ಹಾವು ನೋಡ್ತಾ ನಿಂತ್ಬಿಟ್ಟೆ ರಾಯರೇ, ತಟ್ಟೋದೇ ಮರೆತೆ" ಎಂದು ಹಲುಬಿದರು. ಆಮೇಲೆ ನಾಚಿಕೆ ಬಿಟ್ಟು ಕೇಳಿಯೂ ಬಿಟ್ಟರು. "ನಿಮ್ಮ ಕತ್ತೀನೇ ನನಗೆ ಕೊಟ್ಬಿಡಿ. ಕೇಳಿದಷ್ಟು ಕೊಡ್ತೀನಿ."

ರಾಯರಿಗೆ ಮಕ್ಕಳಿರಲಿಲ್ಲ. ತಾವು ಹೋದ ಮೇಲೆ ಆ ಕತ್ತಿಯನ್ನು ಯಾರು ಕಾಪಾಡುತ್ತಾರೆ ಎಂಬ ಚಿಂತೆ ಅವರನ್ನು ಬಹಳ ದಿನದಿಂದ ಕಾಡುತ್ತಿತ್ತು. ಶೆಟ್ಟರ ಆಸೆ ನಿಜವಾದದ್ದೆಂದು ಅವರಿಗೆ ಗೊತ್ತಿತ್ತು. ನೋಡುವ ಕಣ್ಣು ಮಾತ್ರ ಇನ್ನೂ ಪಳಗಿರಲಿಲ್ಲ.

"ಕೊಳ್ಳೋ ಮಾತು ಆಮೇಲೆ. ಒಂದು ವರ್ಷ ಭಾನುವಾರ ಭಾನುವಾರ ಬಂದು ಸುಮ್ನೆ ನೋಡಿ. ನೋಡೋದು ಕಲಿತ್ಮೇಲೆ ಕತ್ತಿ ನಿಮ್ಮದೇ" ಎಂದರು.

ಶೆಟ್ಟರು ತಪ್ಪದೆ ಬಂದರು. ಒಂದು ಭಾನುವಾರ ರಾಯರು ಹಿಡಿಯಲ್ಲಿದ್ದ ಚಿಕ್ಕ ಬಿದಿರಿನ ಮೊಳೆ ತೆಗೆದು ಹಿಡಿಯನ್ನೇ ಕಳಚಿದರು. ಅದರೊಳಗೆ ಹುದುಗಿದ್ದ ಕಬ್ಬಿಣದ ಭಾಗ ಕಪ್ಪಗೆ ತುಕ್ಕು ಹಿಡಿದಿತ್ತು. ಆ ತುಕ್ಕಿನ ನಡುವೆ ಕತ್ತಿ ಮಾಡಿದ ಕಮ್ಮಾರ ಉಳಿಯಿಂದ ತೆಳ್ಳಗೆ ಕೊರೆದಿದ್ದ ತನ್ನ ಹೆಸರಿತ್ತು.

"ಇದನ್ನ ಮಾತ್ರ ಮುಟ್ಟಬಾರದು ಶೆಟ್ರೇ. ಅಲಗನ್ನ ಕಸುಬುದಾರರು ಮತ್ತೆ ಹೊಳಪು ಮಾಡ್ತಾರೆ. ಈ ತುಕ್ಕನ್ನ ಯಾರೂ ಮಾಡಿ ಕೊಡಲ್ಲ. ಕತ್ತಿ ವಯಸ್ಸು ತಿಳಿಯೋದೇ ಇದರಿಂದ."

ಶೆಟ್ಟರು "ಹೂಂ ಹೂಂ" ಎಂದರು. ಅವರ ಕಣ್ಣು ಅಲಗಿನ ಹೊಳಪಿನ ಮೇಲೇ ಇತ್ತು. ಕಿವಿಯೂ ಬಹುಶಃ ಅಲ್ಲೇ ಇತ್ತು.

ನವರಾತ್ರಿ ಬಂತು. ರಾಯರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಲು ಅವರು ತಂಗಿಯ ಊರಿಗೆ ಹೊರಟರು. ಮನೆ ಖಾಲಿ ಬಿಡಬೇಕಲ್ಲ ಎಂದು ಕತ್ತಿಯನ್ನು ಶೆಟ್ಟರ ಕೈಗೆ ಕೊಟ್ಟರು.

"ಏನೂ ಮಾಡಬೇಕಾಗಿಲ್ಲ. ಬೀರುವಿನಲ್ಲಿ ಇಟ್ಟು ಸುಮ್ಮನಿದ್ದುಬಿಡಿ."

"ಅಷ್ಟೇನಾ?" ಎಂದರು ಶೆಟ್ಟರು.

"ಅಷ್ಟೇ. ಅದೇ ಕಷ್ಟ" ಎಂದರು ರಾಯರು.

ಸುಮ್ಮನಿರುವುದು ಕಷ್ಟವೇ ಎಂದು ನೀವು ಕೇಳಬಹುದು. ಆಯುಧಪೂಜೆಯ ಹಿಂದಿನ ದಿನ ಪಾತ್ರೆ ಅಂಗಡಿಯವರ ಮನೆಗೆ ಹೋಗಿ ನೋಡಿ, ಆಮೇಲೆ ಮಾತಾಡಿ. ಶೆಟ್ಟರ ಹೆಂಡತಿ ಕನ್ನಿಕಮ್ಮ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕೂತಿದ್ದರು. ತಕ್ಕಡಿ ಬೆಳಗಿದ್ದಾಯಿತು. ತೂಕದ ಬಟ್ಟು, ಈಳಿಗೆಮಣೆ, ಸುತ್ತಿಗೆ ಆದವು. ಸ್ಕೂಟರಿನ ಹಾರನ್ನಿಗೂ ಸ್ನಾನವಾಯಿತು.

"ಏನ್ರೀ, ಉಗುರು ಕತ್ತರಿಸೋದಕ್ಕೂ ನಾಳೆ ಕುಂಕುಮ ಇಡ್ತೀವಿ. ಮನೆಗೆ ನೆಂಟರ ಥರ ಬಂದಿರೋ ಆ ಕತ್ತಿ ಒಂದನ್ನೇ ಹಾಗೇ ಬಿಡೋದಾ? ರಾಯರು ಏನಂದ್ಕೋತಾರೆ?" ಎಂದರು ಕನ್ನಿಕಮ್ಮ.

ಶೆಟ್ಟರು ಬೀರು ತೆಗೆದರು. ಅಲಗು ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಏನೂ ಬೇಕಿರಲಿಲ್ಲ. ಆದರೆ ಹಿಡಿಯೊಳಗಿನ ಕೊಳೆ ನೆನಪಾಯಿತು. ಬಿದಿರಿನ ಮೊಳೆ ತೆಗೆದು ಹಿಡಿ ಕಳಚಿದರು. ಮುಟ್ಟಬಾರದು ಎಂದು ರಾಯರು ಹೇಳಿದ್ದೂ ನೆನಪಾಯಿತು. ಶೆಟ್ಟರು ಒಂದು ಗಳಿಗೆ ಯೋಚಿಸಿದರು. ಅವರಿಗೆ ಹೊಳೆದದ್ದು ಇಷ್ಟು: ಪಾಪ, ರಾಯರು ದೊಡ್ಡ ಮನುಷ್ಯರು, ತುಕ್ಕು ನನ್ನ ಕೈಗೆ ಅಂಟುತ್ತದಲ್ಲ ಎಂಬ ಕಾಳಜಿಯಿಂದ ಹಾಗೆ ಹೇಳಿರಬೇಕು!

ಅಷ್ಟು ದೊಡ್ಡ ಮನುಷ್ಯರಿಗೆ ತಮ್ಮಿಂದ ಇಷ್ಟಾದರೂ ಸೇವೆ ಬೇಡವೇ? ಶೆಟ್ಟರು ಪಂಚೆ ಎತ್ತಿ ಕಟ್ಟಿ, ಹುಣಸೆಹಣ್ಣು ಕಿವುಚಿ, ಅದಕ್ಕೆ ಬಗ್ಗದ ಕಡೆ ಮರಳುಕಾಗದ ಹಿಡಿದು, ಕೂತು ಉಜ್ಜಿದರು. ಮದುವೆಮನೆಯ ಕೊಳಗವನ್ನೂ ಅವರು ಅಷ್ಟು ಪ್ರೀತಿಯಿಂದ ಉಜ್ಜಿರಲಿಲ್ಲ. ನಾನೂರು ವರ್ಷದ ಕಪ್ಪು ಬಚ್ಚಲಿನಲ್ಲಿ ಹರಿದುಹೋಯಿತು. ಕೊನೆಗೆ ಕಬ್ಬಿಣ ಹೊಸ ಚಮಚದಂತೆ ಹೊಳೆಯಿತು. ಮರುದಿನ ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ಕುಂಕುಮವಿಟ್ಟು, ಗಂಡಹೆಂಡತಿ ಇಬ್ಬರೂ ಭಕ್ತಿಯಿಂದ ಮಂಗಳಾರತಿ ಎತ್ತಿದರು.

ರಾಯರು ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಮರಳಿದರು. ಆಪರೇಷನ್ ಚೆನ್ನಾಗಿ ಆಗಿತ್ತು. "ಈಗ ಸೊಳ್ಳೆ ಮೀಸೆ ಕೂಡ ಕಾಣುತ್ತೆ ಶೆಟ್ರೇ" ಎಂದು ನಗುನಗುತ್ತಾ ಬಂದು ಕೂತರು. ಶೆಟ್ಟರು ಹೆಮ್ಮೆಯಿಂದ ಕತ್ತಿಯ ಹಿಡಿ ಕಳಚಿ ಅವರ ಮುಂದಿಟ್ಟರು.

ರಾಯರು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

"ಹೆಸರೆಲ್ಲಿ ಶೆಟ್ರೇ?"

ಶೆಟ್ಟರು ಬಗ್ಗಿ ನೋಡಿದರು. ಕಮ್ಮಾರನ ಹೆಸರಿದ್ದ ಕಡೆ ಒಂದೆರಡು ಗೆರೆ ಮಾತ್ರ ಮಸುಕಾಗಿ ಉಳಿದಿದ್ದವು. ಆಗ ಅವರ ಕಿವಿಯಲ್ಲಿ ಆ ಭಾನುವಾರದ ಮಾತು ಪೂರ್ತಿಯಾಗಿ, ಮೊದಲ ಸಲ ಕೇಳಿಸಿತು. ರಾಯರ ಹೊಸ ಕಣ್ಣುಗಳಲ್ಲಿ ನೀರು ತುಂಬಿತು. ಕಾಫಿ ತಂದ ಕನ್ನಿಕಮ್ಮ ಬಾಗಿಲಲ್ಲೇ ನಿಂತರು. ಶೆಟ್ಟರು ರಾಯರ ಕಾಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತರು.

ಬಹಳ ಹೊತ್ತಾದ ಮೇಲೆ ರಾಯರು ಕತ್ತಿಯನ್ನು ಶೆಟ್ಟರ ತೊಡೆಯ ಮೇಲಿಟ್ಟರು.

"ಏಳಿ. ಇನ್ಮೇಲೆ ಇದು ನಿಮ್ಮದೇ."

"ಹಾಳು ಮಾಡಿದೋನಿಗೆ ಕೊಡ್ತೀರಾ ರಾಯರೇ?"

"ಹಾಳು ಮಾಡಿದೋರೇ ಕಾಯಬೇಕು. ತುಕ್ಕು ವಾಪಸ್ ಬರೋವರೆಗೆ ಇಟ್ಕೊಳ್ಳಿ."

"ಎಷ್ಟು ದಿನ ಹಿಡಿಯುತ್ತೆ?" ಎಂದರು ಶೆಟ್ಟರು ಕಣ್ಣೊರೆಸಿಕೊಳ್ಳುತ್ತಾ.

"ಒಂದು ಇನ್ನೂರು ವರ್ಷ. ನಾನು ಭಾನುವಾರ ಭಾನುವಾರ ಬಂದು ನೋಡ್ತಿರ್ತೀನಿ."

ಅಂದಿನಿಂದ ಆಯುಧಪೂಜೆ ಬಂದರೆ ಕನ್ನಿಕಮ್ಮ ಹುಣಸೆಹಣ್ಣಿನ ಭರಣಿಯನ್ನು ಅಟ್ಟಕ್ಕೆ ಹಾಕುತ್ತಿದ್ದರು. ಶೆಟ್ಟರು ಕತ್ತಿಯ ಮುಂದೆ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಿದ್ದರು. ಮೊದಮೊದಲು ಕೈ ತುರಿಸುತ್ತಿತ್ತು. ಆಮೇಲೆ ಕೈ ಮರೆತು ಕಣ್ಣು ಕೆಲಸ ಶುರುಮಾಡಿತು. ಅಲಗಿನ ಅಂಚಿನಲ್ಲಿ ಮೋಡದ ಹಾಗೆ ಒಂದು ಬಿಳಿ ಗೆರೆ ಹರಿದಿರುವುದು ಕಂಡಿತು. ಅದು ಮೊದಲಿನಿಂದಲೂ ಅಲ್ಲೇ ಇತ್ತು.

ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಶೆಟ್ಟರು ಚಪ್ಪಲಿ ಇಲ್ಲದೆ ರಾಯರ ಮನೆಗೆ ಓಡಿದರು. "ಬಂತು ರಾಯರೇ, ಬಂತು!" ರಾಯರು ಗಾಬರಿಯಾಗಿ ಬಂದು ಭೂತಗನ್ನಡಿ ಹಿಡಿದು ನೋಡಿದರು. ಬೆಳಗಿದ್ದ ಕಬ್ಬಿಣದ ಮೂಲೆಯಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ.

"ಹೌದು. ಆದ್ರೆ ಇದಿನ್ನೂ ಕೂಸು. ಹಲ್ಲು ಬಂದಿಲ್ಲ" ಎಂದರು ರಾಯರು ಗಂಭೀರವಾಗಿ.

ಶೆಟ್ಟರು ಇಡೀ ಬೀದಿಗೆ ಪೇಡ ಹಂಚಿದರು. ಪಾತ್ರೆ ವ್ಯಾಪಾರಿ ತುಕ್ಕು ಬಂತೆಂದು ಸಿಹಿ ಹಂಚಿದ್ದನ್ನು ತುಮಕೂರು ಅದಕ್ಕೆ ಮೊದಲು ಕಂಡಿರಲಿಲ್ಲ.

ರಾಯರು ಪೇಡ ಬಾಯಿಗೆ ಹಾಕಿಕೊಂಡು ಹೇಳಿದರು. "ಶೆಟ್ರೇ, ಈಗ ನೀವು ಧೈರ್ಯವಾಗಿ ಇನ್ನೊಂದು ಕತ್ತಿ ಕೊಳ್ಳಬಹುದು."

ಶೆಟ್ಟರು ಕೈ ಮುಗಿದರು. "ಬೇಡ ರಾಯರೇ. ನನಗೆ ಇದನ್ನ ನೋಡೋದೇ ಇನ್ನೂ ಮುಗಿದಿಲ್ಲ."

ನೀತಿ: ಯಾವುದನ್ನೇ ಕೊಳ್ಳುವ ಮೊದಲು ಅದನ್ನು ನೋಡಲು ಕಲಿಯಬೇಕು. ನಮಗೆ ಕೊಳೆಯೆಂದು ಕಂಡದ್ದು ಅದರ ಆಯುಷ್ಯವೇ ಆಗಿರಬಹುದು. ತಿಳಿಯದ ಕಡೆ ಕೈ ಕಟ್ಟಿ ಕೂರುವುದೇ ದೊಡ್ಡ ಸೇವೆ. ಇದನ್ನು ಓದಿ ನಾಳೆಯಿಂದ ಪಾತ್ರೆ ತೊಳೆಯುವುದಿಲ್ಲ ಎಂದು ಮನೆಯಲ್ಲಿ ಹೇಳಬೇಡಿ. ಈ ರಿಯಾಯಿತಿ ಕತ್ತಿಗೆ ಮಾತ್ರ.