ಗಿಳಿಗೆ ಮಾತು ಕಲಿಸಿದ ವರ್ತಕ

ಶಿಷ್ಯ ಚನ್ನವೀರ ಕೇಳಿದ: "ಗುರುಗಳೇ, ನನ್ನ ಮಗಳಿಗೆ ಎರಡು ತುಂಬಿತು. ಇನ್ನೂ ಒಂದು ಮಾತಿಲ್ಲ. ಹೆಂಡತಿ ದಿನಾ ಕಣ್ಣೀರು ಹಾಕುತ್ತಾಳೆ. ಬೆಳೆಯುತ್ತ ತಾನಾಗಿ ಸರಿಹೋಗುತ್ತದೆ, ಸುಮ್ಮನಿರು ಎಂದು ಹೇಳಿದ್ದೇನೆ. ಸರಿ ತಾನೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅಂಗಡಿಗೆ ಬಂದವರನ್ನು ಮಾತಾಡಿಸಲೆಂದು ಒಂದು ಗಿಳಿಮರಿ ತಂದ. ಕೊರಳಲ್ಲಿ ಕೆಂಪು ಗೆರೆ ಮೂಡಿದ ಮೇಲೆ ಗಿಳಿಗೆ ನಾಲಿಗೆ ತಿರುಗುವುದಿಲ್ಲ ಎಂದು ಯಾರೋ ಹೇಳಿದ್ದರು. ಪುಣ್ಯಾತ್ಮ ತಡಮಾಡಲಿಲ್ಲ. ಬೆಳಗ್ಗೆ ಎದ್ದವನೇ ಪಂಜರದ ಮುಂದೆ ಕೂತು "ಬನ್ನಿ, ಕೂತ್ಕೊಳ್ಳಿ" ಎಂದು ಹೇಳಿಕೊಡುತ್ತಿದ್ದ. ಗಂಟಲು ಕಟ್ಟಿದರೂ ಬಿಡುತ್ತಿರಲಿಲ್ಲ.

ಅವನಿಗೊಬ್ಬ ಮಗನಿದ್ದ. ನಿನ್ನ ಮಗಳಷ್ಟೇ ವಯಸ್ಸು. ಮಾತು ಬಂದಿರಲಿಲ್ಲ. ಅಳುವಿಲ್ಲ, ಹಟವಿಲ್ಲ; ಮೂಲೆಯಲ್ಲಿ ಕೂರಿಸಿದರೆ ಅಲ್ಲೇ ಕೂತಿರುತ್ತಿದ್ದ. ಎಂಥ ಸಾಧು ಮಗು ಎಂದು ಮನೆಯವರೆಲ್ಲ ಹೊಗಳುತ್ತಿದ್ದರು. ಹೊಗಳಿ ಕೂರುವುದು ಸುಲಭ ನೋಡು.

ತಾಯಿಗೆ ಮಾತ್ರ ಎದೆಯಲ್ಲಿ ಭಯ. ಮಗುವನ್ನು ವೈದ್ಯರಲ್ಲಿಗೆ ಎತ್ತಿಕೊಂಡು ಹೋದಳು. ಅವರು ಬೆನ್ನ ಹಿಂದೆ ಚಿಟಿಕೆ ಹೊಡೆದರು. ಮಗು ತಿರುಗಿ ನೋಡಿತು. "ಕಿವಿ ಚೆನ್ನಾಗಿದೆ ತಾಯಿ. ಮಾತಾಡಿಸಿ, ಆಡಿಸಿ. ಇವತ್ತೇ ಶುರುಮಾಡಿ" ಎಂದರು.

ಅವಳು ಬಂದು ಹೇಳಿದಾಗ ವರ್ತಕ ನಕ್ಕ. "ಏನವಸರ ಕಣೇ? ಶಾಲೆಗೆ ಹೋದ್ಮೇಲೆ ತಾನೇ ಕಲೀತಾನೆ."

"ಗಿಳಿಗೆ ನಾಳೆ ಅಂದ್ರೂ ತಡವಾಗುತ್ತೆ ಅಂತೀರಿ. ಮಗನಿಗೆ ತಡವೇ ಆಗಲ್ವಾ?" ಎಂದಳು ಅವಳು.

ವರ್ತಕನಿಗೆ ನಾಚಿಕೆಯಾಯಿತು. ಮರುದಿನದಿಂದ ಮಗನನ್ನು ಅಂಗಡಿಗೆ ಕರೆದೊಯ್ದು ಬೇಳೆ ಮೂಟೆಯ ಮೇಲೆ ಕೂರಿಸಿಕೊಂಡ. ಇದು ಬೆಲ್ಲ, ಇದು ಕಡಲೆ, ಇದು ತಕ್ಕಡಿ ಎಂದು ತೋರಿಸಿ ಹೇಳಿದ. ಮಗು ಕೈಚಾಚಿದರೆ ಅದಕ್ಕೊಂದು ಮಾತು, ನಕ್ಕರೆ ಇನ್ನೊಂದು ಮಾತು. ಸಾಹುಕಾರರಿಗೆ ತಲೆಕೆಟ್ಟಿದೆ ಎಂದರು ಗಿರಾಕಿಗಳು. ತಿಂಗಳುಗಳು ಕಳೆದವು. ಒಂದು ದಿನ ಮಗು ಅಂಗಿ ಹಿಡಿದೆಳೆದು "ಅಪ್ಪ, ಬೆಲ್ಲ" ಎಂದಿತು. ವರ್ತಕ ತೂಕವನ್ನು ಅರ್ಧಕ್ಕೇ ಬಿಟ್ಟು, ಮಗನನ್ನು ಎತ್ತಿಕೊಂಡು, ಎಲ್ಲರೆದುರು ಅತ್ತೇಬಿಟ್ಟ. ವರ್ಷ ಕಳೆಯುವುದರೊಳಗೆ ಆ ಅಂಗಡಿಯಲ್ಲಿ ಗಿಳಿಗೆ ಬಾಯಿ ತೆರೆಯಲೂ ಅವಕಾಶ ಸಿಗುತ್ತಿರಲಿಲ್ಲ.

ಚನ್ನವೀರನ ಮುಖ ಅರಳಿತು. "ಒಳ್ಳೆಯ ಕತೆ ಗುರುಗಳೇ. ಇನ್ನೊಂದು ಹೇಳಿ" ಎಂದ.

ಗುರುಗಳು ಕೇಳಿದರು: "ಬೆಳಗಿನಿಂದ ನನ್ನೊಡನೆ ಇಷ್ಟು ಮಾತಾಡಿದೆ, ಮಗಳೊಡನೆ ಏನು ಮಾತಾಡಿ ಬಂದೆ?"